ಸಕಲೇಶಪುರ ಕಡೆಯ ತುರ್ತು ಸಿಬ್ಬಂದಿಗೆ ಒತ್ತಡ ತಡೆಯುವ ತರಬೇತಿ: ಮಾಡಿಸಿ ಗೊತ್ತಿರೋರು ಹೇಳಿ

ಪ್ರಶ್ನೆ: 108 ಮತ್ತು ಅಗ್ನಿಶಾಮಕ ಸೇರಿ 15 ಜನ. ಭಾಷಣ ಬೇಡ, ಮೈಗೆ ರೂಢಿಯಾಗುವಂಥದ್ದು ಬೇಕು. ದಿನಕ್ಕೆ 20 ನಿಮಿಷ ಸಿಗುತ್ತೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1: 10 ನಿಮಿಷ ಸಾಕು ಸಾರ್, ಆದರೆ ದಿನಾ ಆಗಬೇಕು. ಮೊದಲ 2 ವಾರ ಬರೀ ಉಸಿರು. ಮೂಗಿನಲ್ಲಿ 4 ಎಣಿಸೋವರೆಗೆ ಒಳಗೆ, 6 ಎಣಿಸೋವರೆಗೆ ಹೊರಗೆ; ನಿಮಿಷಕ್ಕೆ 6 ಉಸಿರಾಗುತ್ತೆ. ಬಿಡುವಾಗ ವೇಗಸ್ ನರ ಎದೆಬಡಿತ ಇಳಿಸುತ್ತೆ, ಅದಕ್ಕೇ ಬಿಡೋದು ಉದ್ದ. ಕೆಡೋದು ಇಲ್ಲೇ ನೋಡಿ: ‘ಜೋರಾಗಿ ಎಳೀರಿ’ ಅಂದ್ರೆ ಎಲ್ಲರೂ ಎದೆಯುಬ್ಬಿಸ್ತಾರೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತೆ, ತಲೆ ತಿರುಗುತ್ತೆ. ‘ನಿಧಾನ’ ಅನ್ನಿ, ‘ಜೋರು’ ಅನ್ನಲೇಬೇಡಿ.

3ನೇ ವಾರದಿಂದ ಬಡಿತ ಏರಿಸಿ ಇಳಿಸೋದು. ಸ್ಟ್ರೆಚರ್ ಮೇಲೆ 50 ಕೆ.ಜಿ.ಯ ಕಾಫಿ ಮೂಟೆ ಕಟ್ಟಿ, ನಾಲ್ವರು ಹೊತ್ತು 2 ನಿಮಿಷ ಏರು ಹತ್ತಲಿ. ಇಳಿಸಿದ ತಕ್ಷಣ 15 ಸೆಕೆಂಡು ನಾಡಿ ಎಣಿಸಿ 4ರಿಂದ ಗುಣಿಸಿ, ನಿಮಿಷ ಬಿಟ್ಟು ಮತ್ತೆ ಎಣಿಸಿ. ಎಷ್ಟು ಇಳೀತು ಅನ್ನೋದೇ ಲೆಕ್ಕ. ಅವರವರ ಹಳೇ ಅಂಕಿಗೆ ಹೋಲಿಸಿ, ಪಕ್ಕದವರದ್ದಕ್ಕಲ್ಲ. ಬೆನ್ನಿಗೇ ಕೈಕೆಲಸ ಕೊಡಿ: 108ನವರು ಡಮ್ಮಿ ಕೈಗೆ ಕ್ಯಾನುಲಾ (ಡ್ರಿಪ್ ಹಾಕೋಕೆ ರಕ್ತನಾಳಕ್ಕೆ ತೂರಿಸೋ ಸಣ್ಣ ಕೊಳವೆ) ಹಾಕಲಿ, ಅಗ್ನಿಶಾಮಕದವರು ಹಗ್ಗದ ಗಂಟು ಹಾಕಲಿ. ಗಾಬರಿಯಲ್ಲಿ ಮೊದಲು ಕೈಕೊಡೋದು ಬೆರಳಿನ ನಾಜೂಕು ಕೆಲಸ. ಇದು ಸಲೀಸಾದ ಮೇಲಷ್ಟೇ ಸೈರನ್, ಕತ್ತಲೆ, ಕೂಗಾಟ ಒಂದೊಂದಾಗಿ ಸೇರಿಸಿ. ಮೊದಲ ದಿನವೇ ಎಲ್ಲಾ ಸುರಿದರೆ ಗಾಬರಿಯೇ ರೂಢಿಯಾಗುತ್ತೆ.

ಉತ್ತರ 2: ಬಿ.ಪಿ. ಇರೋರಿಗೆ ಉಸಿರು ಕಟ್ಟಿ ಹಿಡಿಸಬೇಡಿ. ಕಣ್ಣು ಮುಚ್ಚಲೇಬೇಕು ಅಂತಲೂ ಬೇಡ, ಕೆಲವರಿಗೆ ನೋಡಿದ ದೃಶ್ಯ ಅಲ್ಲೇ ಎದ್ದು ಬರುತ್ತೆ. ನೆಲ ನೋಡಿದರೆ ಸಾಕು. ಪೈಲಟ್‌ಗಳಿಗೆ, ಅಂದ್ರೆ ಆಂಬುಲೆನ್ಸ್ ಓಡಿಸೋರಿಗೆ, ಬೇರೆ ಪಾಠ ಬೇಕು. ಒತ್ತಡದಲ್ಲಿ ನೋಟ ಕಿರಿದಾಗುತ್ತೆ, ಮಳೆಗಾಲದ ಶಿರಾಡಿ ಮಂಜಿನಲ್ಲಿ ಅದು ಅಪಾಯ. ಕೀಲಿ ತಿರುಗಿಸೋ ಮೊದಲು ಸ್ಟೀರಿಂಗ್ 5 ಸೆಕೆಂಡು ಬಿಗಿಹಿಡಿದು 10 ಸೆಕೆಂಡು ಸಡಿಲ, ಆಮೇಲೆ ಎಡಗನ್ನಡಿ, ಬಲಗನ್ನಡಿ, ರಸ್ತೆಯ ಎರಡೂ ಅಂಚು.

ಉತ್ತರ 3: ಕೇಸ್ ಮುಗಿದ ಮೇಲಿನದ್ದನ್ನು ಯಾರೂ ಹೇಳಲಿಲ್ಲ. ನೀರು, ಊಟ, 5 ನಿಮಿಷ ನಡಿಗೆ. ಸುತ್ತ ಕೂರಿಸಿ ‘ಏನಾಯ್ತು, ಎಲ್ಲಾ ಹೇಳು’ ಅಂತ ಒತ್ತಾಯ ಮಾಡಬೇಡಿ. ಹೀಗೆ ಹೇಳಿಸೋದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ಡಬಲ್ ಡ್ಯೂಟಿ ಹಾಕಿ ಉಸಿರಾಟ ಕಲಿಸಿದರೆ, ಅದು ತರಬೇತಿ ಅಲ್ಲ, ಕಣ್ಣೊರೆಸೋದು. ಕೆಟ್ಟ ಕನಸು, ಬೆಚ್ಚಿಬೀಳೋದು ತಿಂಗಳು ದಾಟಿದರೆ ವೈದ್ಯರಿಗೇ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಡ್ಯೂಟಿ ರೂಮಿನ ಗೋಡೆಗೆ ಅಂಟಿಸಿಬಿಡಿ, ಕೇಳಿ ತಗೊಳ್ಳೋಕೆ ಯಾರೂ ಬರಲ್ಲ.