ರೆಸಿಲಿಯೆನ್ಸ್: ನಗರದ ನೀರು, ಒಳಚರಂಡಿಗೆ ಒಪ್ಪುವ ಕನ್ನಡ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ಹವಾಮಾನ ಬದಲಾವಣೆಯನ್ನು ನಗರದ ನೀರು ಸರಬರಾಜು, ಒಳಚರಂಡಿ ಹೇಗೆ ಎದುರಿಸಬೇಕು ಎಂಬ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ರೆಸಿಲಿಯೆನ್ಸ್', ಅಂದರೆ ಪೆಟ್ಟು ಬಿದ್ದರೂ ತಾಳಿಕೊಂಡು, ಕೆಲಸ ನಡೆಸಿ, ಚೇತರಿಸಿಕೊಳ್ಳುವ ಗುಣ, ಪುಟಪುಟದಲ್ಲೂ ಬರುತ್ತದೆ. ಇದಕ್ಕೆ 'ಸ್ಥಿತಿಸ್ಥಾಪಕತೆ' ಎಂದು ಬರೆಯುವುದುಂಟು. ನನಗೆ ಒಪ್ಪಿಗೆಯಿಲ್ಲ. ಎಳೆದು ಬಿಟ್ಟ ಸ್ಪ್ರಿಂಗ್ ಮೊದಲಿನ ಆಕಾರಕ್ಕೆ ಮರಳುವ ಗುಣಕ್ಕೆ ಆ ಪದ ಸರಿ. ಚರಂಡಿ ಮೊದಲಿನ ಹಾಗೇ ಆದರೆ ಸಾಲದು, ಅಲ್ವಾ? ಅದರ ಅಳತೆ ಹಳೆಯ ಮಳೆಯ ಲೆಕ್ಕದ್ದು. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 7% ಜಾಸ್ತಿ ನೀರಾವಿ ಹಿಡಿಯಬಲ್ಲದು. ಹಾಗಾಗಿ ಬಿರುಮಳೆ ಇನ್ನೂ ಬಿರುಸಾಗುತ್ತದೆ. 2011ರ ಜುಲೈ 2ರಂದು ಇಂಥ ಮಳೆಗೆ ಡೆನ್ಮಾರ್ಕಿನ ಕೋಪನ್‌ಹೇಗನ್ ಜಲಾವೃತವಾಯಿತು. ಅಲ್ಲಿನ ನಗರಾಡಳಿತದವರು ಪೈಪು ರಿಪೇರಿ ಮಾಡಿ ಸುಮ್ಮನಾಗಲಿಲ್ಲ. ಮಳೆನೀರು ನಿಲ್ಲಲು, ಹರಿಯಲು ಪಾರ್ಕು, ರಸ್ತೆಗಳನ್ನೇ ಮಾರ್ಪಡಿಸುವ ಯೋಜನೆಯನ್ನು 2012ರಲ್ಲಿ ತಂದರು.

'ತಾಳಿಕೆ' ಒಳ್ಳೆಯ ಪದ, ಆದರೆ ಗಟ್ಟಿಯಾಗಿ ನಿಲ್ಲುವುದನ್ನಷ್ಟೇ ಹೇಳುತ್ತದೆ. 'ಚೇತರಿಕೆ' ಬಿದ್ದ ಮೇಲಿನ ಮಾತು. ಇಲ್ಲಿ ಪೆಟ್ಟು ಬೀಳುವಾಗಲೂ ಕೆಲಸ ನಡೆಯಬೇಕು. ಕರೆಂಟು ಹೋದರೂ ಪಂಪು ಓಡಬೇಕು. ಒಂದು ಜಲಾಶಯ ಬತ್ತಿದರೆ ಬೇರೆ ಮೂಲ ಇರಬೇಕು. ಬರ ಬಂದರೆ ಒಳಚರಂಡಿಗೂ ಕಷ್ಟ, ಇದು ಸುಲಭವಾಗಿ ಹೊಳೆಯುವುದಿಲ್ಲ. ಹರಿವು ಕಡಿಮೆಯಾದಾಗ ಹೊಲಸು ಪೈಪಿನಲ್ಲೇ ಕೂರುತ್ತದೆ. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟಿ ಆಮ್ಲವಾಗಿ ಕಾಂಕ್ರೀಟನ್ನು ತಿನ್ನುತ್ತದೆ.

ನನಗೆ ತುಂಬ ಹಿಡಿಸಿದ್ದು 'ಸುಧಾರಿಸು', 'ಸುಧಾರಿಸಿಕೊಳ್ಳು'. ಓಡಿ ಬಂದವರಿಗೆ 'ಸ್ವಲ್ಪ ಸುಧಾರಿಸ್ಕೊಳ್ಳಿ' ಅನ್ನುತ್ತೇವೆ. ಇದ್ದುದರಲ್ಲೇ ನಿಭಾಯಿಸಿದರೆ 'ಹೇಗೋ ಸುಧಾರಿಸಿದೆವು' ಅನ್ನುತ್ತೇವೆ. ಮೊದಲಿಗಿಂತ ಉತ್ತಮವಾಗುವುದೂ ಸುಧಾರಿಸುವುದೇ. ಬರದಿಂದಾಗಿ 2018ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರ ತಲಾ ದಿನಕ್ಕೆ 50 ಲೀಟರ್ ನೀರಿನ ಮಿತಿ ಹಾಕಿತ್ತು. ಜನ ಅಷ್ಟರಲ್ಲೇ ಸುಧಾರಿಸಬೇಕಾಯಿತು ಎಂದರೆ ಯಾರಿಗೂ ಅರ್ಥವಾಗುತ್ತದೆ. ನಿಭಾಯಿಸು, ಚೇತರಿಸು, ಉತ್ತಮವಾಗು, ಮೂರೂ ಈ ಒಂದೇ ಕ್ರಿಯಾಪದದಲ್ಲಿವೆ. ನಾವು ಇದನ್ನು ಬಿಟ್ಟುಕೊಡಬಾರದು.

ತೊಡಕು ನಾಮಪದದ್ದು. 'ಸುಧಾರಣೆ' ಎಂದರೆ ಸರ್ಕಾರ ತರುವ ಬದಲಾವಣೆ ಎಂದೇ ಓದುಗರು ತಿಳಿಯುತ್ತಾರೆ. 'ಸುಧಾರಿಕೆ' ಎನ್ನಬಹುದೇ? 'ತಾಳಿ ಸುಧಾರಿಸಿಕೊಳ್ಳುವ ಶಕ್ತಿ' ಎಂದರೆ ಅರ್ಥ ಸ್ಪಷ್ಟ, ಆದರೆ ತಲೆಬರಹಕ್ಕೆ ಉದ್ದ. ವಾಲ್ವ್ ತಿರುಗಿಸುವವರು, ಪಂಪ್‌ಹೌಸಿನವರು, ಮ್ಯಾನ್‌ಹೋಲ್ ಕೆಲಸ ಬಲ್ಲವರು ಇದಕ್ಕೆ ಬಳಸುವ ಮಾತು ನಿಮಗೆ ಗೊತ್ತಿದ್ದರೆ, ಅವರು ಆಡುವ ವಾಕ್ಯದ ಸಮೇತ ದಯವಿಟ್ಟು ತಿಳಿಸಿ.