ಯೆಜ್ಡಿ ಬಿ ಟೈಪ್: 6 ವೋಲ್ಟ್ ಪಾಯಿಂಟ್ ಇಟ್ಕೊಳ್ಳೋದಾ, 12 ವೋಲ್ಟ್ ಸಿಡಿಐ ಹಾಕಿಸೋದಾ?

ಜೋಡಿ_ಸೈಲೆನ್ಸರ್:

ಗಾಡಿ 1975ರ ಯೆಜ್ಡಿ 250 ಬಿ ಟೈಪ್. ಮೈಸೂರಿನ ಯಾದವಗಿರಿ ಕಾರ್ಖಾನೆಯಿಂದ ಹೊರಬಂದಾಗ ಇದ್ದ 6 ವೋಲ್ಟ್ ಡೈನಮೋ (ಕರೆಂಟು ಹುಟ್ಟಿಸೋದು), ಸಿಬಿ ಪಾಯಿಂಟ್ (ತೆರೆದು ಮುಚ್ಚಿ ಸ್ಪಾರ್ಕ್ ಬರಿಸುವ ಕಾಂಟ್ಯಾಕ್ಟ್), ಟ್ಯಾಂಕ್ ಕೆಳಗಿನ ಕಾಯಿಲ್ ಎಲ್ಲ ಹಾಗೇ ಇವೆ.

ತೊಂದರೆ ಇಷ್ಟು. ಬೆಳಗ್ಗೆ ತಣ್ಣಗಿದ್ದಾಗ ಎರಡನೇ ಕಿಕ್ಕಿಗೆ ಸ್ಟಾರ್ಟ್. ಇಪ್ಪತ್ತು ಕಿಲೋಮೀಟರ್ ಓಡಿಸಿ ಐದು ನಿಮಿಷ ನಿಲ್ಲಿಸಿದರೆ ಹತ್ತು ಕಿಕ್ ಹೊಡೆದರೂ ಉಸಿರಿಲ್ಲ, ಅರ್ಧ ಗಂಟೆ ಆರಿದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತೆ. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಸಿಗ್ನಲ್‌ನಲ್ಲಿ ನಿಂತರೆ ಬೆಳಕು ಹಳದಿಗೆ ತಿರುಗಿ ಎಂಜಿನ್ ಮಿಸ್ ಹೊಡೆಯುತ್ತೆ. ಆಗೊಮ್ಮೆ ಈಗೊಮ್ಮೆ ಕಿಕ್ ಲಿವರ್ ವಾಪಸ್ ಒದೆಯುತ್ತೆ. ಪ್ಲಗ್, ಬ್ಯಾಟರಿ ಹೊಸವು. ಪಾಯಿಂಟ್ ಗ್ಯಾಪ್ 0.4 ಮಿಮೀ ಇಟ್ಟಿದೆ, ಆದರೆ ಪಾಯಿಂಟ್ ಮುಖ ಒಂದೇ ತಿಂಗಳಲ್ಲಿ ಕಪ್ಪಾಗಿ ಗುಳಿ ಬಿದ್ದಿದೆ.

ಎರಡು ದಾರಿ ಕಾಣ್ತಿದೆ. ಒಂದು, ಇರುವ ಪಾಯಿಂಟಿಗೇ ಟ್ರಾನ್ಸಿಸ್ಟರ್ ಬಾಕ್ಸ್ ಜೋಡಿಸೋದು. ಇನ್ನೊಂದು, ಡೈನಮೋ ಪೂರ್ತಿ ತೆಗೆದು ಜೆಕ್ ದೇಶದ ವೇಪ್ ಕಂಪನಿ ಥರದ 12 ವೋಲ್ಟ್ ಮ್ಯಾಗ್ನೆಟೋ ಸಿಡಿಐ ಕಿಟ್ (ತಿರುಗುವ ಮ್ಯಾಗ್ನೆಟ್‌ನಿಂದ ಕರೆಂಟು, ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್). ಯಾವುದು ಸರಿ? ಕಿಟ್ ಹಾಕಿದರೆ ಬೇರೆ ಏನೇನು ಬದಲಾಯಿಸಬೇಕು?

ಕಾಯಿಲ್_ಮೇಷ್ಟ್ರು:

ಸರ್, ಎರಡೂ ದಾರಿ ಆಮೇಲೆ. ಬಿಸಿಯಾದಾಗ ಸತ್ತು ಆರಿದಾಗ ಬದುಕೋದು ಕಂಡೆನ್ಸರ್ (ಪಾಯಿಂಟ್ ತೆರೆವಾಗ ಅಲ್ಲಿ ಕಿಡಿ ತಡೆಯೋದು) ಅಥವಾ ಕಾಯಿಲ್‌ನ ಗುಣ. ಪಾಯಿಂಟ್ ಅಷ್ಟು ಬೇಗ ಸುಟ್ಟಿರೋದು ನೋಡಿದರೆ ಮೊದಲ ಅನುಮಾನ ಕಂಡೆನ್ಸರ್ ಮೇಲೇ.

ಕತ್ತಲಲ್ಲಿ ಡೈನಮೋ ಕವರ್ ತೆಗೆದು ಎಂಜಿನ್ ಓಡಿಸಿ ಪಾಯಿಂಟ್ ನೋಡಿ. ಸೂಜಿಮೊನೆಯಷ್ಟು ನೀಲಿ ಕಿಡಿ ಇದ್ದರೆ ಸರಿ. ದಪ್ಪಗೆ, ಹಳದಿ ಬೆರೆತು ಚಟಪಟ ಅಂತಿದ್ದರೆ ಕಂಡೆನ್ಸರ್ ಹೋಗಿದೆ. ಅದು ಡೈನಮೋ ಒಳಗೆ, ಎಂಜಿನ್ ಶಾಖದ ಪಕ್ಕದಲ್ಲೇ ಕೂತು ಬೇಯುತ್ತೆ. 0.2ರಿಂದ 0.3 ಮೈಕ್ರೋಫ್ಯಾರಡ್‌ನ ಒಳ್ಳೆ ಕಂಡೆನ್ಸರ್ ಒಂದನ್ನು ಟ್ಯಾಂಕ್ ಕೆಳಗೆ ಕಾಯಿಲ್ ಪಕ್ಕದಲ್ಲಿ ಕೂರಿಸಿ, ವೈರನ್ನು ಕಾಯಿಲ್‌ನಿಂದ ಪಾಯಿಂಟಿಗೆ ಹೋಗುವ ಟರ್ಮಿನಲ್‌ಗೆ ಕೊಡಿ, ಬಾಡಿ ಅರ್ತ್. ಹಳೇದನ್ನು ಕಡ್ಡಾಯವಾಗಿ ಬಿಚ್ಚಿ. ತುಂಬ ಜನ ಹಳೇದರ ಜೊತೆಗೇ ಹೊಸದನ್ನೂ ಸೇರಿಸಿ ‘ಏನೂ ಬದಲಾಗ್ಲಿಲ್ಲ’ ಅಂತಾರೆ. ಲೀಕ್ ಆಗ್ತಿರೋದು ಸರ್ಕ್ಯೂಟ್‌ನಲ್ಲೇ ಉಳಿದರೆ ಹೊಸದು ಏನು ಮಾಡೀತು?

ಕಾಯಿಲ್ ಅಳೆಯೋದು ಗಾಡಿ ಸ್ಟಾರ್ಟ್ ಆಗದೆ ನಿಂತ ಆ ಬಿಸಿಯಲ್ಲೇ. ಮನೆಗೆ ತಂದು ಮಾರನೇ ದಿನ ಅಳೆದರೆ ಎಲ್ಲ ಸರಿಯಾಗೇ ಕಾಣುತ್ತೆ. 6 ವೋಲ್ಟ್ ಕಾಯಿಲ್‌ನ ಪ್ರೈಮರಿ (ಬ್ಯಾಟರಿ ಕಡೆ ಸುತ್ತು) 1ರಿಂದ 1.5 ಓಮ್ ಆಸುಪಾಸು, ಸೆಕೆಂಡರಿ (ಪ್ಲಗ್ ಕಡೆ ಸುತ್ತು) ಕೆಲವು ಸಾವಿರ ಓಮ್. ಬಿಸಿಯಲ್ಲಿ ಸೆಕೆಂಡರಿ ಓಪನ್ (ಒಳಗೆ ತುಂಡಾಗಿದೆ) ಅಂತ ತೋರಿಸಿದರೆ ಅಲ್ಲಿಗೆ ತನಿಖೆ ಮುಗೀತು. ಇನ್ನೊಂದು ಮಾತು: ಕೀ ಆನ್ ಇಟ್ಟು ಎಂಜಿನ್ ನಿಲ್ಲಿಸಬೇಡಿ. ಪಾಯಿಂಟ್ ಮುಚ್ಚಿದ ಜಾಗದಲ್ಲಿ ನಿಂತಿದ್ದರೆ ಕಾಯಿಲ್ ಮೂಲಕ ನಾಲ್ಕು ಆಂಪಿಯರ್ ಸುಮ್ಮನೆ ಹರಿಯುತ್ತಾ ಇರುತ್ತೆ, ಕಾಯಿಲ್ ಬೆಂದು ಹೋಗುತ್ತೆ.

ಆಮೇಲೆ ವೋಲ್ಟೇಜ್ ಡ್ರಾಪ್. ಪಾಯಿಂಟ್ ಮುಚ್ಚಿರಲಿ, ಕೀ ಆನ್ ಇರಲಿ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಟರ್ಮಿನಲ್‌ಗೆ, ಇನ್ನೊಂದು ಕಾಯಿಲ್‌ಗೆ ಕರೆಂಟ್ ಬರುವ ಟರ್ಮಿನಲ್‌ಗೆ. ತೋರಿಸುವಷ್ಟೂ ನಷ್ಟ. ಕರೆಂಟು ಸೀಟ್ ಕೆಳಗಿನಿಂದ ಹೆಡ್‌ಲೈಟ್ ಡೂಮ್‌ನ ಕೀ ಸ್ವಿಚ್‌ವರೆಗೆ ಹೋಗಿ ಮತ್ತೆ ವಾಪಸ್ ಬರಬೇಕು, ಐವತ್ತು ವರ್ಷದ ಹಿತ್ತಾಳೆ ಕಾಂಟ್ಯಾಕ್ಟ್ ದಾಟಿಕೊಂಡು. 6ರಲ್ಲಿ 0.6 ವೋಲ್ಟ್ ಹೋದರೆ ಕಾಯಿಲ್ ಕರೆಂಟು ಶೇ 10 ಇಳಿಯುತ್ತೆ. ಕಾಯಿಲ್‌ನಲ್ಲಿ ಕೂಡುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರೋದರಿಂದ ಅದು ಶೇ 19 ಇಳಿಯುತ್ತೆ. 12 ವೋಲ್ಟ್ ಗಾಡಿ ಇದನ್ನು ಗಮನಿಸೋದೂ ಇಲ್ಲ, 6 ವೋಲ್ಟ್ ಗಾಡಿ ಮಿಸ್ ಹೊಡೆಯುತ್ತೆ.

ಪಾಯಿಂಟ್_ನಾಕು:

ಮೇಷ್ಟ್ರು ಹೇಳಿದ್ದು ಸರಿ. ಅದಕ್ಕೆ ಎರಡು ಸೇರಿಸ್ತೀನಿ.

ರಾತ್ರಿ ಮಿಸ್ ಹೊಡೆಯೋದಕ್ಕೆ ಲೆಕ್ಕವೇ ಉತ್ತರ. ಡೈನಮೋ 6 ವೋಲ್ಟ್ 45 ವ್ಯಾಟ್, ಅದೂ ಆರ್‌ಪಿಎಂ ಏರಿದಾಗ. ಹೆಡ್‌ಲೈಟ್ 25, ಟೇಲ್ ಲ್ಯಾಂಪ್ 5, ಮೀಟರ್ ಬಲ್ಬ್ ಒಂದೂವರೆ, ಇಗ್ನಿಷನ್‌ಗೆ ಸರಾಸರಿ 15. ಅಲ್ಲಿಗೆ 46 ದಾಟಿತು. ಸಿಗ್ನಲ್‌ನಲ್ಲಿ ನಿಂತಾಗ ಡೈನಮೋ ಹೆಚ್ಚುಕಡಿಮೆ ಏನೂ ಕೊಡಲ್ಲ, ಪೂರ್ತಿ ಬ್ಯಾಟರಿ ಮೇಲೆ. ಇಲ್ಲಿ ಯಾವ ಪಾರ್ಟೂ ಕೆಟ್ಟಿಲ್ಲ, ಆ ಕಾಲದ ಅಳತೆಯೇ ಅಷ್ಟು. ಬ್ರಷ್ ಸವೆದು ಕಮ್ಯುಟೇಟರ್ ಕಪ್ಪಾಗಿದ್ದರೆ ಇದಕ್ಕಿಂತಲೂ ಕಡಿಮೆ. ರಾತ್ರಿ ಓಡಾಟ ಹೆಚ್ಚಿದ್ದರೆ ಕಿಟ್ ಹಾಕಿಸೋಕೆ ಇದೊಂದೇ ಕಾರಣ ಸಾಕು.

ಎರಡನೇದು ಕ್ರ್ಯಾಂಕ್. ಈ ಎಂಜಿನ್‌ನಲ್ಲಿ ಆರ್ಮೇಚರ್ (ಡೈನಮೋದ ತಿರುಗುವ ಭಾಗ) ಕೂತಿರೋದು ಕ್ರ್ಯಾಂಕ್‌ನ ಬಲತುದಿ ಮೇಲೆ, ಪಾಯಿಂಟ್ ಎತ್ತುವ ಕ್ಯಾಮ್ ಅದರ ತುದಿಗೆ. ಬಲಗಡೆ ಮೇನ್ ಬೇರಿಂಗ್ ಸವೆದಿದ್ದರೆ ಕ್ಯಾಮ್ ಕೂಡ ಕುಣಿಯುತ್ತೆ. ಪಾಯಿಂಟ್ ಪೂರ್ತಿ ತೆರೆದ ಜಾಗದಲ್ಲಿ ನಿಲ್ಲಿಸಿ, 0.4 ಫೀಲರ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಾಕಿ, ಆರ್ಮೇಚರ್ ತುದಿ ಹಿಡಿದು ಪಾಯಿಂಟ್ ಕಡೆಗೊಮ್ಮೆ ಆಚೆಗೊಮ್ಮೆ ತಳ್ಳಿ. ಫೀಲರ್ ಒಮ್ಮೆ ಜಾರಿ ಒಮ್ಮೆ ಕಚ್ಚಿ ಹಿಡಿದರೆ ಬೇರಿಂಗ್ ಮುಗಿದಿದೆ. ಅಂಥ ಗಾಡಿಗೆ ಕಿಟ್ ಹಾಕಿದರೆ ಅದರ ತಿರುಗುವ ರೋಟರ್ ಹೋಗಿ ಅಲುಗದ ಸ್ಟೇಟರ್‌ಗೆ ಉಜ್ಜುತ್ತೆ, ದುಡ್ಡೂ ಹೋಯ್ತು. ಡೈನಮೋ ಒಳಗೆ ಎಣ್ಣೆ ಪಸೆ ಇದ್ದರೆ ಆ ಕಡೆ ಆಯಿಲ್ ಸೀಲೂ ಹೋಗಿದೆ ಅಂತ. ಟೂ ಸ್ಟ್ರೋಕ್‌ಗೆ ಅಲ್ಲಿಂದ ಗಾಳಿ ಒಳನುಗ್ಗಿದರೆ ಮಿಕ್ಸ್ಚರ್ ತೆಳುವಾಗುತ್ತೆ, ಅದನ್ನೂ ನಾವು ಇಗ್ನಿಷನ್ ತಪ್ಪು ಅಂತಲೇ ಬೈತೀವಿ.

ಟ್ರಾನ್ಸಿಸ್ಟರ್ ಬಾಕ್ಸ್ ಬಗ್ಗೆ: ಪಾಯಿಂಟ್ ಮೂಲಕ ಸಣ್ಣ ಕರೆಂಟು ಮಾತ್ರ ಹೋಗೋದರಿಂದ ಮುಖ ಸುಡಲ್ಲ, ಕಂಡೆನ್ಸರ್ ಬೇಡ. ಆದರೆ ಕ್ಯಾಮ್ ಮೇಲೆ ಉಜ್ಜುವ ಫೈಬರ್ ಹೀಲ್ ಸವೆಯೋದು, ಕ್ಯಾಮ್ ಕುಣಿಯೋದು ಎಲ್ಲ ಹಾಗೇ ಉಳಿಯುತ್ತೆ. ಟ್ರಾನ್ಸಿಸ್ಟರ್ ತನಗೇ ಅಂತ ಒಂದು ವೋಲ್ಟ್ ತಿನ್ನುತ್ತೆ. 12ರಲ್ಲಿ ಒಂದು ಹೋದರೆ ಪರವಾಗಿಲ್ಲ, 6ರಲ್ಲಿ ಒಂದು ಅಂದರೆ ಆರನೇ ಒಂದು ಭಾಗ. ಅದಕ್ಕೇ 12 ವೋಲ್ಟ್‌ಗೆ ಮಾಡಿದ ಬಾಕ್ಸನ್ನು ಈ ಗಾಡಿಗೆ ಹಾಕಿದರೆ ಕಿಕ್ಕಿಗೆ ಸ್ಪಾರ್ಕೇ ಬರಲ್ಲ. ನನ್ನ ಪ್ರಕಾರ 6 ವೋಲ್ಟ್‌ನಲ್ಲಿ ಇದು ಅರ್ಧಂಬರ್ಧ ಕೆಲಸ.

ವಾಪಸ್ ಒದೆಯೋದು ಅಡ್ವಾನ್ಸ್ (ಪಿಸ್ಟನ್ ಮೇಲೆ ತಲುಪುವ ಮುಂಚೆಯೇ ಸ್ಪಾರ್ಕ್ ಬರೋದು) ಜಾಸ್ತಿ ಆಗಿರೋದಕ್ಕೆ. ಇದರಲ್ಲಿ ಆಟೋ ಅಡ್ವಾನ್ಸ್ ಇಲ್ಲ, ಕಿಕ್ ಹೊಡೆವಾಗಲೂ 4000 ಆರ್‌ಪಿಎಂನಲ್ಲೂ ಒಂದೇ ಟೈಮಿಂಗ್. ಗ್ಯಾಪ್ ಹೆಚ್ಚಿಸಿದರೆ ಪಾಯಿಂಟ್ ಬೇಗ ತೆರೆಯುತ್ತೆ, ಟೈಮಿಂಗ್ ಮುಂದೆ ಹೋಗುತ್ತೆ. ಹಾಗಾಗಿ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಟೈಮಿಂಗ್ ಆದ ಮೇಲೆ ಗ್ಯಾಪ್ ಮುಟ್ಟಿದರೆ ಮತ್ತೆ ಮೊದಲಿಂದ. ಪ್ಲಗ್ ತೂತಿಗೆ ಡಯಲ್ ಗೇಜ್ ಹಾಕಿ, ಟಿಡಿಸಿಯಿಂದ (ಪಿಸ್ಟನ್‌ನ ಅತಿ ಮೇಲಿನ ಜಾಗ) ಹಿಂದಕ್ಕೆ ನಿಮ್ಮ ಮಾಡೆಲ್ ಪುಸ್ತಕದಲ್ಲಿರುವಷ್ಟು ಮಿಲಿಮೀಟರ್ ಇಳಿಸಿ, ಅಲ್ಲಿ ಪಾಯಿಂಟ್‌ಗೆ ಅಡ್ಡ ಜೋಡಿಸಿದ 6 ವೋಲ್ಟ್ ಬಲ್ಬ್ ಹೊತ್ತಬೇಕು. ಯೆಜ್ಡಿಯದೇ ಇನ್ನೊಂದು ಮಾಡೆಲ್ ರೋಡ್‌ಕಿಂಗ್‌ನ ಅಳತೆಯನ್ನು ಬಿ ಟೈಪ್‌ಗೆ ತರಬೇಡಿ. ಸ್ಟ್ರೋಕ್ 75 ಮಿಮೀ ಇರೋದರಿಂದ 3 ಮಿಮೀ ಅಂದರೆ ಸುಮಾರು 20 ಡಿಗ್ರಿ, ಅಲ್ಲಿಂದ ಅರ್ಧ ಮಿಲಿಮೀಟರ್ ಆಚೀಚೆ ಆದರೆ ಎರಡು ಡಿಗ್ರಿ. ಕಡ್ಡಿ ಇಳಿಬಿಟ್ಟು ಕಣ್ಣಂದಾಜಲ್ಲಿ ಮಾಡೋ ಕೆಲಸ ಅಲ್ಲ ಇದು. ಗೇಜ್ ವಾಲಿ ಕೂತರೂ ತಪ್ಪು ಓದುತ್ತೆ.

ಎಡಗಡೆ_ಕಿಕ್:

ಬೇರಿಂಗ್ ಸರಿ ಇದೆ ಅಂತ ಖಾತ್ರಿ ಆದ ಮೇಲೆ ಕಿಟ್ಟೇ ಹಾಕಿ. ಮ್ಯಾಗ್ನೆಟೋದಿಂದಲೇ ಸ್ಪಾರ್ಕ್ ಹುಟ್ಟುತ್ತೆ, ಬ್ಯಾಟರಿ ಸತ್ತರೂ ಗಾಡಿ ನಿಲ್ಲಲ್ಲ. ಬಿಚ್ಚಿದ ಡೈನಮೋ, ಆರ್ಮೇಚರ್, ಬ್ರಷ್ ಎಲ್ಲ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಎತ್ತಿಡಿ. ಹಳೇ ವೈರಿಂಗ್ ಕತ್ತರಿಸಬೇಡಿ. ನಾಳೆ ಒರಿಜಿನಲ್‌ಗೆ ವಾಪಸ್ ಹೋಗೋಕೆ ಅದೇ ಆಧಾರ.

ಆರ್ಮೇಚರ್ ತೆಗೆಯೋದರಲ್ಲೇ ಜನ ಎಡವೋದು. ಮಧ್ಯದ ಬೋಲ್ಟ್ ಬಿಚ್ಚಿ, ಆರ್ಮೇಚರ್‌ನ ಒಳ ಥ್ರೆಡ್‌ಗೆ ಕೂರುವ ಪುಲ್ಲರ್ ಬೋಲ್ಟ್ ಹಾಕಿ ನಿಧಾನವಾಗಿ ಬಿಗಿ ಮಾಡಿ. ಟಕ್ ಅಂತ ಶಬ್ದ ಬಂದು ಟೇಪರ್ (ತುದಿಗೆ ಸಣ್ಣಗಾಗುವ ಕ್ರ್ಯಾಂಕ್ ಭಾಗ) ಬಿಡುತ್ತೆ. ಪುಲ್ಲರ್ ಬೋಲ್ಟ್ ಬೆಂಗಳೂರಿನ ಜೆ.ಸಿ. ರೋಡಲ್ಲಿ ಕೇಳಿ ನೋಡಿ, ಸಿಗದಿದ್ದರೆ ಲೇತ್‌ನಲ್ಲಿ ಮಾಡಿಸಿ. ಸುತ್ತಿಗೆ ಮಾತ್ರ ಮುಟ್ಟಬೇಡಿ. ಈ ಕ್ರ್ಯಾಂಕ್ ತುಂಡುತುಂಡಾಗಿ ಪ್ರೆಸ್ ಮಾಡಿ ಜೋಡಿಸಿದ್ದು, ತುದಿಗೆ ಒಂದು ಏಟು ಬಿದ್ದರೆ ಅಲೈನ್‌ಮೆಂಟ್ ಹೋಗುತ್ತೆ.

ಟೇಪರನ್ನು ಪೆಟ್ರೋಲ್‌ನಲ್ಲಿ ಒರೆಸಿ ಪೂರ್ತಿ ಒಣಗಿಸಿ. ಗ್ರೀಸ್, ಎಣ್ಣೆ ಒಂದು ಹನಿಯೂ ಬೇಡ. ತುಂಬ ಕಿಟ್‌ಗಳಲ್ಲಿ ರೋಟರ್‌ಗೆ ಕೀ (ಜಾರದಂತೆ ಹಿಡಿಯುವ ಲೋಹದ ತುಂಡು) ಇರಲ್ಲ, ಟೇಪರ್ ಹಿಡಿತವೇ ಎಲ್ಲ. ಮಾರ್ಕರ್ ಪೆನ್ ಬಳಿದು ರೋಟರ್ ಕೂರಿಸಿ ತಿರುಗಿಸಿ ತೆಗೆದು ನೋಡಿ. ಶಾಯಿ ಅಲ್ಲಲ್ಲಿ ಮಾತ್ರ ಅಳಿಸಿದ್ದರೆ ಟೇಪರ್ ಪೂರ್ತಿ ಕೂರ್ತಿಲ್ಲ. ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಕೈಯಲ್ಲೇ ಸ್ವಲ್ಪ ಉಜ್ಜಿ, ಆಮೇಲೆ ಪೇಸ್ಟ್‌ನ ಗುರುತೂ ಉಳಿಯದ ಹಾಗೆ ತೊಳೀರಿ.

ಕೂರಿಸುವ ಮುಂಚೆ ರೋಟರ್ ಒಳಗಿನ ಮ್ಯಾಗ್ನೆಟ್ ನೋಡಿ; ವರ್ಕ್‌ಶಾಪ್ ಟೇಬಲ್ ಮೇಲಿನ ಕಬ್ಬಿಣದ ಚೂರು, ವಾಷರ್ ಎಲ್ಲ ಅದಕ್ಕೇ ಅಂಟಿರುತ್ತೆ. ಪಿಸ್ಟನ್ನನ್ನು ಕಿಟ್‌ನ ಕಾಗದದಲ್ಲಿ ಹೇಳಿದ ಜಾಗಕ್ಕೆ ತಂದು, ಗುರುತು ಹೊಂದಿಸಿ, ಬೋಲ್ಟ್ ಬಿಗಿ ಮಾಡಿ. ಬಿಗಿ ಮಾಡುವಾಗ ರೋಟರ್ ಕೂದಲೆಳೆಯಷ್ಟು ತಿರುಗುತ್ತೆ, ಹಾಗಾಗಿ ಬಿಗಿಯಾದ ಮೇಲೆ ಗುರುತು ಇನ್ನೊಮ್ಮೆ ನೋಡಲೇಬೇಕು.

6 ವೋಲ್ಟ್‌ನದು ಯಾವುದೂ ಉಳಿಯಬಾರದು: ಬ್ಯಾಟರಿ, ಹೆಡ್‌ಲೈಟ್, ಟೇಲ್, ಬ್ರೇಕ್, ಮೀಟರ್ ಬಲ್ಬ್, ಹಾರ್ನ್. ಮೀಟರ್ ಒಳಗಿನ ಚಿಕ್ಕ ಬಲ್ಬ್ ಮರೆತು ಮೊದಲ ರಾತ್ರಿಯೇ ಸುಟ್ಟುಕೊಳ್ಳೋರು ಬಹಳ. ಬ್ಯಾಟರಿಯ ಯಾವ ತುದಿ ಅರ್ತ್ ಆಗಿದೆ ಅಂತ ನೋಡಿಕೊಂಡೇ ಹೊಸ ರೆಗ್ಯುಲೇಟರ್ ಜೋಡಿಸಿ.

ಕಾಯಿಲ್ ಅದಲುಬದಲು ಮಾಡಬೇಡಿ. ಸಿಡಿಐ ಕಾಯಿಲ್ ಬೇರೆ, ಪಾಯಿಂಟ್ ಕಾಯಿಲ್ ಬೇರೆ. ಸಿಡಿಐ ಕಾಯಿಲ್‌ನ ಪ್ರೈಮರಿ ಒಂದು ಓಮ್‌ಗಿಂತ ಕಡಿಮೆ, ಪಾಯಿಂಟಿಗೆ ಹಾಕಿದರೆ ಕಾಯಿಲೂ ಪಾಯಿಂಟೂ ಎರಡೂ ಸುಡುತ್ತೆ. ಪ್ಲಗ್ ಕ್ಯಾಪ್‌ನಲ್ಲೂ ಪ್ಲಗ್‌ನಲ್ಲೂ ಎರಡೂ ಕಡೆ ರೆಸಿಸ್ಟರ್ ಬೇಡ.

ಇನ್ನು ಕಿಲ್ ವೈರ್, ಅಂದರೆ ಎಂಜಿನ್ ನಿಲ್ಲಿಸುವ ವೈರ್. ಹಳೇ ಪದ್ಧತಿಯಲ್ಲಿ ಕೀ ಆನ್ ಮಾಡಿದರೆ ಕಾಯಿಲ್‌ಗೆ ಕರೆಂಟು ಹೋಗುತ್ತೆ. ಸಿಡಿಐನಲ್ಲಿ ಉಲ್ಟಾ: ಕಿಲ್ ವೈರ್ ಅರ್ತ್ ಆದರೆ ಎಂಜಿನ್ ನಿಲ್ಲುತ್ತೆ, ಏನೂ ಜೋಡಿಸದಿದ್ದರೆ ಓಡುತ್ತೆ. ‘ಇಗ್ನಿಷನ್ ವೈರ್ ತಾನೇ’ ಅಂತ ಹಳೇ ಸ್ವಿಚ್‌ನ 12 ವೋಲ್ಟನ್ನು ಆ ವೈರ್‌ಗೆ ಕೊಟ್ಟರೆ ಯೂನಿಟ್ ಆ ಕ್ಷಣದಲ್ಲೇ ಸಾಯುತ್ತೆ. ವಾರಂಟಿಯೂ ಇಲ್ಲ, ಗೀರಂಟಿಯೂ ಇಲ್ಲ.

ಜೋಡಿ_ಸೈಲೆನ್ಸರ್:

ಎಲ್ಲರಿಗೂ ಥ್ಯಾಂಕ್ಸ್ ಸರ್. ಅಳೆದದ್ದು ಇಲ್ಲಿದೆ: ಬಿಸಿಯಲ್ಲಿ ಪ್ರೈಮರಿ 1.4, ಸೆಕೆಂಡರಿ ಸರಿಯಾಗಿದೆ. ಡ್ರಾಪ್ 0.9 ವೋಲ್ಟ್. ಫೀಲರ್ ಎರಡೂ ಕಡೆ ಒಂದೇ ಥರ. ಹೊರಗೆ ಹೊಸ ಕಂಡೆನ್ಸರ್ ಹಾಕಿದ ಮೇಲೆ ಬಿಸಿಯಲ್ಲೂ ಮೂರನೇ ಕಿಕ್ಕಿಗೆ ಸ್ಟಾರ್ಟ್. ರಾತ್ರಿ ಓಡಾಟ ಇರೋದರಿಂದ ಕಿಟ್ ಹೇಗೂ ಹಾಕಿಸ್ತೀನಿ. ಕೀಲಿಯಿಂದಲೇ ಆಫ್ ಆಗಬೇಕು ಅಂದರೆ ಐದು ಪಿನ್ ರಿಲೇ (ಕರೆಂಟು ಕೊಟ್ಟರೆ ಎಳೆಯುವ ಸ್ವಿಚ್) ಹಾಕಬಹುದಾ? ಕೀ ಆನ್ ಇದ್ದಾಗ ರಿಲೇ ಎಳೆಯುತ್ತೆ, ಆಫ್ ಮಾಡಿದರೆ, ರಿಲೇ ಎಳೆಯದಿದ್ದಾಗ ಜೋಡಿಯಾಗಿರುವ 87ಎ ಪಿನ್ ಮೂಲಕ ಕಿಲ್ ವೈರ್ ಅರ್ತ್ ಆಗುತ್ತೆ.

ಎಡಗಡೆ_ಕಿಕ್:

ಕೆಲಸ ಮಾಡುತ್ತೆ, ಆದರೆ ಬೇಡ. ಬ್ಯಾಟರಿ ಇಳಿದರೆ ಅಥವಾ ಫ್ಯೂಸ್ ಹೋದರೆ ರಿಲೇ ಬಿಡುತ್ತೆ, ಕಿಲ್ ವೈರ್ ಅರ್ತ್, ನಡುದಾರಿಯಲ್ಲಿ ಗಾಡಿ ನಿಂತಿತು. ಬ್ಯಾಟರಿ ಹಂಗು ಬೇಡ ಅಂತಲೇ ಮ್ಯಾಗ್ನೆಟೋ ಹಾಕಿಸಿ, ಮತ್ತೆ ಅದನ್ನು ಬ್ಯಾಟರಿಗೇ ಕಟ್ಟಿದ ಹಾಗಾಯ್ತು. ಸೀಟ್ ಕೆಳಗೆ ಒಂದು ಟಾಗಲ್ ಸ್ವಿಚ್ ಇಡಿ: ಒಂದು ಕಾಲು ಕಿಲ್ ವೈರ್‌ಗೆ, ಇನ್ನೊಂದು ಚಾಸಿಗೆ. ಅರ್ತ್ ಮಾಡುವ ಜಾಗದಲ್ಲಿ ಪೇಂಟ್ ಕೆರೆದು ಲಗ್ ಕೂರಿಸಿ. ಕೀ ಸ್ವಿಚ್ ಲೈಟ್, ಹಾರ್ನ್‌ಗೆ ಮಾತ್ರ ಇರಲಿ.

ಪಾಯಿಂಟ್_ನಾಕು:

ಕಿಟ್ ಬರೋವರೆಗೆ ಆ 0.9 ವೋಲ್ಟ್ ಹಾಗೇ ಬಿಡಬೇಡಿ. ಕೀ ಸ್ವಿಚ್ ಬಿಚ್ಚಿ ಕಾಂಟ್ಯಾಕ್ಟ್ ಉಜ್ಜಿ, ಬ್ಯಾಟರಿಯಿಂದ ಸ್ವಿಚ್‌ಗೂ ಸ್ವಿಚ್‌ನಿಂದ ಕಾಯಿಲ್‌ಗೂ 2.5 ಸ್ಕ್ವೇರ್ ಎಂಎಂ ವೈರ್ ಎಳೀರಿ. ಸುಟ್ಟ ಪಾಯಿಂಟನ್ನು ಎಮರಿ ಪೇಪರ್‌ನಲ್ಲಿ ಉಜ್ಜಬೇಡಿ, ಅದರ ಪುಡಿ ಮುಖದಲ್ಲಿ ಹೂತು ಮತ್ತೆ ಸುಡುತ್ತೆ. ಸಣ್ಣ ಪಾಯಿಂಟ್ ಫೈಲ್‌ನಲ್ಲಿ ಸಮ ಮಾಡಿ, ಪೆಟ್ರೋಲ್ ಅದ್ದಿದ ದಪ್ಪ ಕಾಗದವನ್ನು ನಡುವೆ ಇಟ್ಟು ಎಳೆದು ಒರೆಸಿ, ಕ್ಯಾಮ್ ಮೇಲೆ ಬೆಂಕಿಕಡ್ಡಿ ತುದಿಯಷ್ಟು ಗ್ರೀಸ್ ಹಚ್ಚಿ. ಆಮೇಲೆ ಮತ್ತೆ 0.4, ಮತ್ತೆ ಟೈಮಿಂಗ್.