ಬಟಾಣಿ ಬಳ್ಳಿ ಸೊಂಪಾಗಿದೆ, ಕಾಯಲ್ಲಿ ಕಾಳು ತುಂಬ್ತಿಲ್ಲ: ಏನು ಗೊಬ್ಬರ ಕೊಡ್ಬೇಕು?

ಪ್ರಶ್ನೆ (ಡೆಂಕಣಿಕೋಟೆ ಕಡೆಯಿಂದ)
ಒಂದೆಕರೆ ಕೆಂಪು ಮಣ್ಣು, ಡ್ರಿಪ್ ಇದೆ. ಮಣ್ಣು ಪರೀಕ್ಷೆಯಲ್ಲಿ ಪಿಎಚ್ 5.6 (ಅಂದ್ರೆ ಹುಳಿ ಮಣ್ಣು), ಸತುವೂ ಬೋರಾನೂ ಕಮ್ಮಿ. ಹಿಂದಿನ ಬೆಳೆಗೆ ಕೋಳಿ ಗೊಬ್ಬರ ಮತ್ತು ಯೂರಿಯಾ ಕೊಟ್ಟಿತ್ತು. ಕಾಯಿಗೆ ಮೂರ್ನಾಲ್ಕು ಕಾಳು, ತುದಿಯೆಲ್ಲ ಜೊಳ್ಳು. ಹೊಸೂರು ಮಂಡಿಯಲ್ಲಿ ಎರಡನೇ ದರ್ಜೆ ರೇಟು. ಮುಂದಿನ ಬಿತ್ತನೆ ನವೆಂಬರ್ ಮೊದಲ ವಾರ. ಅಂಗಡಿಯವರು ಹೇಳೋ ಮೈಕ್ರೋ ನ್ಯೂಟ್ರಿಯೆಂಟ್ ಡಬ್ಬ ತಂದು ಹೊಡೆದ್ರೆ ಸಾಕಾ?

ಉತ್ತರ 1
ಸಾಕಾಗಲ್ಲ ಅಣ್ಣ. ಬಳ್ಳಿ ಸೊಂಪಾಗಿ ಕಾಯಿ ಜೊಳ್ಳು ಅಂದ್ರೆ ಮೊದಲ ಅನುಮಾನ ಸಾರಜನಕದ ಮೇಲೆ. ಹಸಿ ಕೋಳಿ ಗೊಬ್ಬರ, ಯೂರಿಯಾ ಎರಡೂ ಬಿದ್ರೆ ಗಿಡ ಬೇರುಗಂಟು (ಗಾಳಿಯ ಸಾರಜನಕ ಹಿಡಿಯೋ ಬೇರಿನ ಗಂಟು) ಕಟ್ಟೋದು ಕಮ್ಮಿಯಾಗಿ, ಎಲೆಯನ್ನೇ ಹೆಚ್ಚು ಬೆಳೆಸುತ್ತೆ.

ಮೊದಲು ಪಿಎಚ್. ಪರೀಕ್ಷಾ ವರದಿಯಲ್ಲಿ ಹೇಳಿದಷ್ಟೇ ಕೃಷಿ ಸುಣ್ಣ, ಬಿತ್ತನೆಗೆ 3-4 ವಾರ ಮುಂಚೆ ಹಾಕಿ ಉಳುಮೆ ಮಾಡಿ. ಅದೇ ದಿನ ತಿಪ್ಪೆ ಗೊಬ್ಬರ ಬೆರೆಸಬೇಡಿ, ಅಮೋನಿಯಾ ಹಾರಿ ಹೋಗುತ್ತೆ. ಸುಣ್ಣ ಆಗಿ ಎರಡು ವಾರ ಬಿಟ್ಟು ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಎಕರೆಗೆ 8 ಟನ್. ಅಷ್ಟು ಸಿಗದಿದ್ರೆ 4 ಟನ್ ಜೊತೆ ಎರೆಗೊಬ್ಬರ 1 ಟನ್, ಬೇವಿನ ಹಿಂಡಿ 100 ಕೆಜಿ. ಅರೆಬೆಂದ ಗೊಬ್ಬರ ತಂದ್ರೆ ಗೊಣ್ಣೆ ಹುಳುವೂ ಜೊತೆಗೇ ಬರುತ್ತೆ.

ರಂಜಕಕ್ಕೆ ಡಿಎಪಿ (ಸಾರಜನಕವೂ ಇರೋ ರಂಜಕದ ಗೊಬ್ಬರ) ಬದಲು ಸಿಂಗಲ್ ಸೂಪರ್ ಫಾಸ್ಫೇಟ್ ಹಾಕಿ, ಗಂಧಕ, ಕ್ಯಾಲ್ಸಿಯಂ ಪುಕ್ಕಟೆ ಸಿಗುತ್ತೆ. ಸತುವಿನ ಸಲ್ಫೇಟ್ 10 ಕೆಜಿಯನ್ನ ಅದರ ಜೊತೆ ಕಲಸಬೇಡಿ, ಎರಡೂ ಕಟ್ಟಿಕೊಂಡು ಬೇರಿಗೆ ಸಿಗದಂತಾಗುತ್ತೆ. ಸತುವನ್ನ ಬೇರೆ ದಿನ, ಗೊಬ್ಬರದ ಪುಡಿಯೊಂದಿಗೆ ಎರಚಿ. ಬೋರಾನ್ ಕೊಡೋ ಬೋರಾಕ್ಸ್ ಎಕರೆಗೆ 4 ಕೆಜಿ ದಾಟಬಾರದು. ಬೋರಾನ್ ಸ್ವಲ್ಪ ಹೆಚ್ಚಾದ್ರೂ ಎಲೆ ಅಂಚು ಸುಡುತ್ತೆ.

ಉತ್ತರ 2
ಮೊದಲನೆಯವರು ಬೀಜೋಪಚಾರ ಬಿಟ್ಟಿದ್ದಾರೆ, ಹುಳಿ ಮಣ್ಣಲ್ಲಿ ಅದೇ ಮುಖ್ಯ. ಬೇರುಗಂಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯೋಕೆ ಮಾಲಿಬ್ಡಿನಂ ಅನ್ನೋ ಪೋಷಕಾಂಶ ಬೇಕೇಬೇಕು, ಪಿಎಚ್ ಇಳಿದಷ್ಟೂ ಅದು ಮಣ್ಣಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಎಕರೆಗೆ 35 ಕೆಜಿ ಬೀಜ ಅಂದ್ಕೊಳ್ಳಿ: ಮಾಲಿಬ್ಡಿನಂ ಕೊಡೋ ಅಮೋನಿಯಂ ಮಾಲಿಬ್ಡೇಟ್ 35 ಗ್ರಾಂ, ಬಟಾಣಿಯದೇ ರೈಜೋಬಿಯಂ (ಆ ಬೇರುಗಂಟಿನ ಬ್ಯಾಕ್ಟೀರಿಯಾ) 700 ಗ್ರಾಂ, ಆರಿದ ಬೆಲ್ಲದ ನೀರಲ್ಲಿ ಲೇಪಿಸಿ, ನೆರಳಲ್ಲಿ ಆರಿಸಿ, ಅವತ್ತೇ ಬಿತ್ತಿ. ಅಲಸಂದೆಗೋ ಕಡಲೆಕಾಯಿಗೋ ಕೊಡೋ ರೈಜೋಬಿಯಂ ಇದಕ್ಕೆ ಹೊಂದಲ್ಲ. ಗುಲಾಬಿ ಬಣ್ಣ ಹಚ್ಚಿದ ಬೀಜವಾದ್ರೆ ಶಿಲೀಂಧ್ರನಾಶಕ ಬ್ಯಾಕ್ಟೀರಿಯಾನ ಕೊಲ್ಲಬಹುದು. ಆಗ 1 ಕೆಜಿ ರೈಜೋಬಿಯಂ ಅನ್ನ 25 ಕೆಜಿ ಪುಡಿ ಗೊಬ್ಬರದಲ್ಲಿ ಕಲಸಿ ಸಾಲಿಗೆ ಹಾಕಿ.

ಮಾಲಿಬ್ಡೇಟನ್ನ ಹೆಚ್ಚು ಹಾಕೋ ಹುರುಪು ಬೇಡ. ಬಟಾಣಿ ಹೊಟ್ಟು ದನಕ್ಕೆ ಹಾಕ್ತೀವಲ್ಲ, ಅತಿಯಾದ್ರೆ ದನಕ್ಕೆ ತಾಮ್ರದ ಕೊರತೆ ತರುತ್ತೆ.

30ನೇ ದಿನ ನಾಲ್ಕೈದು ಗಿಡ ಅಗೆದು ಗಂಟು ಸೀಳಿ ನೋಡಿ. ಒಳಗೆ ಕೆಂಪಗಿದ್ರೆ ಯೂರಿಯಾ ಮುಟ್ಟಬೇಡಿ. ಬಿಳಿ, ಹಸಿರಿದ್ರೆ ಕೆಲಸ ನಡೀತಿಲ್ಲ.

ಉತ್ತರ 3
ಸಿಂಪರಣೆ: ಮೊಗ್ಗು ಕಾಣೋ ಹೊತ್ತಿಗೆ ಬೋರಿಕ್ ಆಸಿಡ್ ಲೀಟರಿಗೆ 1 ಗ್ರಾಂ, ಸಂಜೆ ಹೊತ್ತು. 10-12 ದಿನ ಬಿಟ್ಟು ಇನ್ನೊಂದು. ಇಲ್ಲಾಂದ್ರೆ ಹೆಸರಘಟ್ಟ ಐಐಎಚ್ಆರ್‌ನ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ವೆಜಿಟೇಬಲ್ ಸ್ಪೆಷಲ್ ಅನ್ನೋ ಲಘು ಪೋಷಕಾಂಶದ ಮಿಶ್ರಣ ತನ್ನಿ, ನಿಂಬೆರಸ, ಶಾಂಪೂ ಸೇರಿಸಿ ಹೊಡೆಯೋದು. ಟೊಮೆಟೊ ಅಳತೆಯಲ್ಲಿ ಕಲಸಬೇಡಿ, ಪೊಟ್ಟಣದ ಮೇಲೆ ದ್ವಿದಳ ಬೆಳೆಗೆ ಕೊಟ್ಟ ಪ್ರಮಾಣವೇ ಸರಿ. ಅದರಲ್ಲೇ ಬೋರಾನ್ ಇರೋದ್ರಿಂದ ಮೇಲೆ ಬೋರಿಕ್ ಬೇಡ.

ಕಾಳು ಸೀಳಿದಾಗ ನಡುವೆ ಕಂದು ಚುಕ್ಕೆ ಕಂಡ್ರೆ ಅದು ಮ್ಯಾಂಗನೀಸ್ ಕೊರತೆ, ಸಾಮಾನ್ಯವಾಗಿ ಸುಣ್ಣ ಅತಿಯಾದ ಮಣ್ಣಲ್ಲಿ. ಸುಣ್ಣದ ಬಗ್ಗೆ ಮೊದಲನೆಯವರು ಹೇಳಿದ ‘ವರದಿಯಷ್ಟೇ’ ಅನ್ನೋದನ್ನ ಗಂಭೀರವಾಗಿ ತಗೊಳ್ಳಿ. ಫೆಬ್ರವರಿ ಬಿಸಿಲಿಗೆ ಉದುರೋ ಹೂವನ್ನ ಯಾವ ಬೋರಾನೂ ನಿಲ್ಲಿಸಲ್ಲ, ಬಿತ್ತನೆ ತಡ ಮಾಡಬೇಡಿ.

ಲಾಭದ ಲೆಕ್ಕ ಹೀಗೆ ಹಾಕಿ: ಹೆಚ್ಚುವರಿ ಖರ್ಚು 1,500 ರೂಪಾಯಿ, ಮಂಡಿ ರೇಟು ಕೆಜಿಗೆ 30 ಅಂದ್ರೆ, 50 ಕೆಜಿ ಜಾಸ್ತಿ ಬಂದ್ರೆ ಅಸಲು. ಆದರೆ ಬಿಡಿಸೋ ಕೂಲಿಯನ್ನೂ ಕಳೀಬೇಕು. ಜೊಳ್ಳು ಕಾಯಿ ಬಿಡಿಸೋಕೂ ಅಷ್ಟೇ ಕೂಲಿ, ಹಾಗಾಗಿ ಉಳಿತಾಯ ಕಾಳು ತುಂಬೋದ್ರಲ್ಲೇ ಇದೆ. ಬೆಳಿಗ್ಗೆ ತಂಪಲ್ಲೇ ಬಿಡಿಸಿ ನೆರಳಿಗೆ ಹಾಕಿ, ಬಿಸಿಲಲ್ಲಿ ಮೂಟೆ ಬಿಟ್ರೆ ಕಾಳಿನ ಸಿಹಿ ಬೇಗ ಪಿಷ್ಟ ಆಗಿಬಿಡುತ್ತೆ.

ಪ್ರಶ್ನೆ ಕೇಳಿದವರು
ಬೀಜ ಗುಲಾಬಿ ಬಣ್ಣದ್ದೇ. ಹಾಗಾದ್ರೆ ಮಾಲಿಬ್ಡೇಟ್ ಬೀಜಕ್ಕೆ, ರೈಜೋಬಿಯಂ ಸಾಲಿಗೆ, ತಾನೇ?

ಉತ್ತರ 2
ಹೌದು. ಸಾಲಲ್ಲಿ ತೇವ ಇರ್ಲಿ, ಹಾಕಿದ ಕೂಡ್ಲೇ ಮಣ್ಣು ಮುಚ್ಚಿ.